ಕೆಲಸದ ಸುದ್ದಿ ಯಾರ ಕಿವಿಗೆ ಬೀಳುತ್ತದೆ?

ಎಲ್ಲಿ ಕೆಲಸ ಖಾಲಿ ಇದೆ ಎಂಬ ಸುದ್ದಿ ಎಲ್ಲರಿಗೂ ಒಂದೇ ಹೊತ್ತಿಗೆ ತಲುಪುವುದಿಲ್ಲ. ಪತ್ರಿಕೆಯಲ್ಲಿ ಜಾಹೀರಾತು ಬರುವ ಮೊದಲೇ, ಎಷ್ಟೋ ಸಲ ಜಾಹೀರಾತೇ ಬರದೆ, ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಬಿದ್ದು ಆ ಜಾಗ ತುಂಬಿಹೋಗಿರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದರ ಒಳಗುಟ್ಟನ್ನು ಬಿಡಿಸಿಟ್ಟರು. ಬಾಸ್ಟನ್ ಸಮೀಪದ ನ್ಯೂಟನ್ ಎಂಬ ಊರಿನ ಉದ್ಯೋಗಸ್ಥರನ್ನು ಮಾತಾಡಿಸಿದಾಗ ಅವರಿಗೆ ಕಂಡದ್ದು ಇಷ್ಟು: ಹೊಸ ಕೆಲಸದ ಸುಳಿವು ದಿನವೂ ಜೊತೆಗಿರುವ ಆಪ್ತರಿಗಿಂತ ಹೆಚ್ಚಾಗಿ ಅಪರೂಪಕ್ಕೆ ಸಿಗುವ ಪರಿಚಯಸ್ಥರಿಂದ ಬರುತ್ತದೆ. ಆಪ್ತರಿಗೆ ನಮಗೆ ಗೊತ್ತಿರುವುದೇ ಗೊತ್ತಿರುತ್ತದೆ. ಬೇರೆ ಕಚೇರಿ, ಬೇರೆ ವಲಯದಲ್ಲಿ ಓಡಾಡುವವರು ನಮಗೆ ಗೊತ್ತಿಲ್ಲದ್ದನ್ನು ತರುತ್ತಾರೆ.

ಅಂಥ ಪರಿಚಯಸ್ಥರು ಯಾರಿಗಿದ್ದಾರೆ? ಬೆಂಗಳೂರಿನ ಜಯನಗರದಲ್ಲಿ ಬೆಳೆದ ಹುಡುಗಿಗೆ ಸೋದರಮಾವ ಬ್ಯಾಂಕಿನಲ್ಲಿರುತ್ತಾರೆ, ಪಕ್ಕದ ಮನೆಯವರು ಸಾಫ್ಟ್‌ವೇರ್ ಕಂಪನಿಯಲ್ಲಿರುತ್ತಾರೆ, ಅಪ್ಪನ ಸ್ನೇಹಿತರೊಬ್ಬರು ಆಡಿಟರ್ ಆಗಿರುತ್ತಾರೆ. ಸಿಂಧನೂರು ಕಡೆಯ ಹಳ್ಳಿಯಿಂದ ಬಂದು, ಮನೆಯಲ್ಲಿ ಮೊದಲ ಪದವೀಧರನಾಗಲಿರುವ ಹುಡುಗನಿಗೆ ಈ ಮೂವರಲ್ಲಿ ಒಬ್ಬರೂ ಇರುವುದಿಲ್ಲ. ಅವನ ಅಂಕ ಅವಳಿಗಿಂತ ಹೆಚ್ಚಿದ್ದರೂ ಸುದ್ದಿ ಅವಳ ಮನೆಗೇ ಮೊದಲು ಹೋಗುತ್ತದೆ. ಇಪ್ಪತ್ತನೇ ಶತಮಾನದ ಮೈಸೂರು, ಧಾರವಾಡ, ಬೆಂಗಳೂರುಗಳಲ್ಲಿ ಸಮುದಾಯಗಳು ಕಟ್ಟಿದ ಉಚಿತ ವಿದ್ಯಾರ್ಥಿನಿಲಯಗಳು ಊಟ ವಸತಿಯ ಜೊತೆಗೆ ಈ ಕೊರತೆಯನ್ನೂ ಒಂದಿಷ್ಟು ತುಂಬಿದವು. ಮೊದಲು ನೌಕರಿ ಹಿಡಿದವರು ಹಾಸ್ಟೆಲಿನ ಕಿರಿಯರಿಗೆ ದಾರಿ ಹೇಳುತ್ತಿದ್ದರು. ಆ ಆಸರೆ ಎಲ್ಲ ಜಾತಿಗಳಿಗೂ, ಎಲ್ಲ ಊರುಗಳಿಗೂ ಸಮನಾಗಿ ಸಿಗಲಿಲ್ಲ. ಹಾಗಾಗಿ ಯಾರೂ ಇಲ್ಲದವರ ಪರವಾಗಿ ಪರಿಚಯಸ್ಥನ ಜಾಗದಲ್ಲಿ ನಿಲ್ಲಬೇಕಾದ ಹೊಣೆ ಕಾಲೇಜು, ವಿಶ್ವವಿದ್ಯಾನಿಲಯಗಳದ್ದು. ನಮ್ಮ ಪ್ಲೇಸ್‌ಮೆಂಟ್ ಸೆಲ್‌ಗಳನ್ನು ಈ ಅಳತೆಗೋಲಿನಿಂದಲೇ ಅಳೆಯಬೇಕು ಎಂಬುದು ನನ್ನ ನಿಲುವು.

ಈ ವಿಚಾರ ಹೊಸದಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ತನ್ನ ಪದವೀಧರರಿಗೆ ಕೆಲಸ ಹುಡುಕಲು ನೆರವಾಗುವ ಸಮಿತಿಯನ್ನು 1892ರಲ್ಲೇ ರಚಿಸಿತ್ತು. ನಮ್ಮ ದೇಶದಲ್ಲಿ ಸರ್ಕಾರ ಈ ಕೆಲಸಕ್ಕೆ ಕೈಹಾಕಿದ್ದು 1945ರಲ್ಲಿ, ಎರಡನೇ ಮಹಾಯುದ್ಧ ಮುಗಿದು ಸೈನ್ಯದಿಂದ ಬಿಡುಗಡೆಯಾದವರಿಗೆ ಜೀವನೋಪಾಯ ಕಲ್ಪಿಸಬೇಕಾಗಿ ಬಂದಾಗ. ಆಗ ಹುಟ್ಟಿದ ಉದ್ಯೋಗ ವಿನಿಮಯ ಕೇಂದ್ರಗಳ ಬಾಗಿಲು ಕೆಲವೇ ವರ್ಷಗಳಲ್ಲಿ ಎಲ್ಲರಿಗೂ ತೆರೆಯಿತು. ಅವುಗಳ ಸ್ವರೂಪ ಹೇಗಿರಬೇಕೆಂದು ಪರಿಶೀಲಿಸಲು 1952ರಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷರು ನಮ್ಮ ಕರಾವಳಿಯವರೇ: ದಕ್ಷಿಣ ಕನ್ನಡದಿಂದ ಮೊದಲ ಲೋಕಸಭೆಗೆ ಆಯ್ಕೆಯಾಗಿದ್ದ ಪತ್ರಕರ್ತ ಬೆನಗಲ್ ಶಿವರಾವ್. ಕೇಂದ್ರಗಳ ದಿನನಿತ್ಯದ ಆಡಳಿತ ರಾಜ್ಯಗಳ ಕೈಗೆ ಹೋಗಬೇಕೆಂದು ಆ ಸಮಿತಿ ಸಲಹೆ ಕೊಟ್ಟಿತು. ಹಾಗೆ ವರ್ಗಾವಣೆಯಾದದ್ದು 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ದಿನವೇ.

1959ರಲ್ಲಿ ಖಾಲಿ ಹುದ್ದೆಗಳನ್ನು ವಿನಿಮಯ ಕೇಂದ್ರಕ್ಕೆ ಕಡ್ಡಾಯವಾಗಿ ತಿಳಿಸಬೇಕೆಂಬ ಕಾಯ್ದೆ ಬಂತು. ಸರ್ಕಾರಿ ಕಚೇರಿಗಳ ಜೊತೆಗೆ 25 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳಿಗೂ ಅದು ಅನ್ವಯಿಸಿತು. ಆದರೆ ತಿಳಿಸಬೇಕು ಎಂದಿತೇ ಹೊರತು ಅಲ್ಲಿಂದಲೇ ಆಯ್ದುಕೊಳ್ಳಬೇಕು ಎನ್ನಲಿಲ್ಲ. ಮುಂದೆ 1996ರಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ನೇಮಕಾತಿಗೆ ವಿನಿಮಯ ಕೇಂದ್ರ ಕಳಿಸುವ ಹೆಸರುಗಳಷ್ಟೇ ಸಾಲವು, ಪತ್ರಿಕೆಗಳಲ್ಲೂ ಪ್ರಕಟಣೆ ಕೊಡಬೇಕು ಎಂದಿತು. ಅದು ನ್ಯಾಯವಾದ ಮಾತು. ಆದರೆ ಆ ಹೊತ್ತಿಗಾಗಲೇ ಸೊರಗಿದ್ದ ವಿನಿಮಯ ಕೇಂದ್ರದ ಕಾರ್ಡಿನ ಬೆಲೆ ಇನ್ನೂ ಇಳಿಯಿತು. ನಮ್ಮ ಹಿಂದಿನ ತಲೆಮಾರಿನವರ ಟ್ರಂಕುಗಳಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಜೊತೆ ಜತನವಾಗಿ ಕೂತಿರುತ್ತಿದ್ದ ಆ ಕಾರ್ಡನ್ನು ಇಂದಿನ ವಿದ್ಯಾರ್ಥಿಗಳು ನೋಡಿರಲಾರರು.

ಇದೇ ವ್ಯವಸ್ಥೆಯ ಒಂದು ಕೊಂಬೆ ವಿಶ್ವವಿದ್ಯಾನಿಲಯಗಳ ಆವರಣಕ್ಕೂ ಚಾಚಿತ್ತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಿಶ್ವವಿದ್ಯಾನಿಲಯ ಉದ್ಯೋಗ ಮಾಹಿತಿ ಮತ್ತು ಮಾರ್ಗದರ್ಶನ ಕೇಂದ್ರ ಅಂಥದ್ದು. ರಾಜ್ಯದ ಉದ್ಯೋಗ ಇಲಾಖೆ ಮತ್ತು ವಿಶ್ವವಿದ್ಯಾನಿಲಯ ಎರಡರ ನಂಟೂ ಅದಕ್ಕಿದೆ. ಹುದ್ದೆಗಳ ಪ್ರಕಟಣೆ, ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿ, ಆಪ್ತ ಸಲಹೆ ಇವು ಅದರ ಕಾಯಕ. ಇಂಥ ಕೇಂದ್ರವೊಂದು ತಮ್ಮದೇ ಆವರಣದಲ್ಲಿದೆ ಎಂಬುದು ಎಷ್ಟೋ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಎರಡು ವರ್ಷ ಅಲ್ಲೇ ಓದಿ ಹೊರಬಿದ್ದರೂ ತಿಳಿದಿರುವುದಿಲ್ಲ. ಬೇಸರದ ಸಂಗತಿ ಇದು. ಇದ್ದದ್ದನ್ನು ಬೆಳೆಸದೆ ಪಕ್ಕದಲ್ಲೇ ಇನ್ನೊಂದನ್ನು ಕಟ್ಟುವುದು ನಮ್ಮ ಆಡಳಿತದ ಹಳೆಯ ಚಾಳಿ.

ಪಕ್ಕದಲ್ಲಿ ಕಟ್ಟಿದ್ದು ಪ್ಲೇಸ್‌ಮೆಂಟ್ ಸೆಲ್. ಇದು ಬಂದದ್ದು ಎಂಜಿನಿಯರಿಂಗ್ ಕಾಲೇಜುಗಳ ಕಡೆಯಿಂದ. ಕ್ಯಾಂಪಸ್ ಆಯ್ಕೆ ಐಐಟಿಗಳಲ್ಲಿ, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆಗಳಲ್ಲಿ ಮೊದಲೇ ಇತ್ತು. ಅದು ಮನೆಮಾತಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ ಸಾಫ್ಟ್‌ವೇರ್ ಕಂಪನಿಗಳು ಸಾವಿರಾರು ಮಂದಿಯನ್ನು ಒಟ್ಟಿಗೆ ತೆಗೆದುಕೊಳ್ಳತೊಡಗಿದಾಗ. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಹುಟ್ಟಿ, ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಪಠ್ಯಕ್ರಮದಡಿ ಬಂದದ್ದೂ ಕಂಪನಿಗಳಿಗೆ ಅನುಕೂಲವಾಯಿತು. 2004ರಲ್ಲಿ ಇನ್ಫೋಸಿಸ್ ಕ್ಯಾಂಪಸ್ ಕನೆಕ್ಟ್ ಆರಂಭಿಸಿ ಕಾಲೇಜಿನ ಪಾಠವನ್ನೂ ತನಗೆ ಬೇಕಾದ ಕಡೆಗೆ ತಿರುಗಿಸಲು ನೋಡಿತು. ಮೈಸೂರಿನ ಅದರ ತರಬೇತಿ ಕೇಂದ್ರಕ್ಕೆ ದೇಶದ ಮೂಲೆಮೂಲೆಯಿಂದ ಹುಡುಗರು ಬರತೊಡಗಿದರು. ಮಗನಿಗೆ ‘ಕ್ಯಾಂಪಸ್ಸಲ್ಲೇ ಆಯ್ತು’ ಎಂದು ಹೇಳಿಕೊಳ್ಳುವುದು ಮದುವೆ ಮಾತುಕತೆಯಲ್ಲೂ ತೂಕದ ಮಾತಾಯಿತು.

ಈ ಯಂತ್ರ ನಡೆಯುವ ಬಗೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಕಂಪನಿಯೊಂದು ಹುದ್ದೆಯ ವಿವರ, ಸಂಬಳ, ಅರ್ಹತೆಯ ಷರತ್ತುಗಳನ್ನು ಪ್ಲೇಸ್‌ಮೆಂಟ್ ಆಫೀಸರಿಗೆ ಕಳಿಸುತ್ತದೆ. ಅವರು ಅದನ್ನು ವಾಟ್ಸ್‌ಆ್ಯಪ್ ಗುಂಪಿಗೋ ಪೋರ್ಟಲ್ಲಿಗೋ ಹಾಕುತ್ತಾರೆ. ಹೆಸರು ಕೊಡಲು ಒಂದೆರಡು ದಿನ ಕಾಲಾವಕಾಶ. ಬಳಿಕ ಕಂಪನಿಯವರ ಪರಿಚಯ ಭಾಷಣ, ಆನ್‌ಲೈನ್ ಆಪ್ಟಿಟ್ಯೂಡ್ ಪರೀಕ್ಷೆ, ಕೆಲವೆಡೆ ಗುಂಪು ಚರ್ಚೆ, ತಾಂತ್ರಿಕ ಸಂದರ್ಶನ, ಕೊನೆಗೆ ಎಚ್‌ಆರ್ ರೌಂಡ್. ಬಹುತೇಕ ಕಾಲೇಜುಗಳಲ್ಲಿ ಒಬ್ಬರಿಗೆ ಒಂದೇ ಕೆಲಸ ಎಂಬ ನಿಯಮವಿದೆ. ಆಯ್ಕೆಯಾದವರು, ಹೆಚ್ಚು ಸಂಬಳದ ‘ಡ್ರೀಮ್ ಕಂಪನಿ’ ಬಂದರಷ್ಟೇ ಮತ್ತೆ ಕೂರಬಹುದು. ಕಂಪನಿಗಳಿಗೆ ಮೊದಲ ದಿನದ ಮೇಲೆ ಕಣ್ಣು. ಹೆಸರಾಂತ ಕಾಲೇಜಿಗೆ ಅವು ಮೊದಲು ಹೋಗಿ, ಅಲ್ಲಿ ಸಾಲದಾದರೆ ಮುಂದಿನ ಕಾಲೇಜಿಗೆ ಬರುತ್ತವೆ. ಹಾಸನ, ಚಿತ್ರದುರ್ಗ, ಬೀದರಿನ ಕಾಲೇಜುಗಳಿಗೆ ಬರುವಷ್ಟರಲ್ಲಿ ವರ್ಷದ ಅಗತ್ಯ ತುಂಬಿರುತ್ತದೆ. ಹೀಗಾಗಿ ಹಲವು ಕಾಲೇಜುಗಳ ಮಕ್ಕಳನ್ನು ಒಂದೇ ಕಡೆ ಕೂಡಿಸುವ ಪೂಲ್ ಕ್ಯಾಂಪಸ್ ಪದ್ಧತಿ ಬಂತು. ಬೆಳಗಿನ ಜಾವದ ಬಸ್ಸು ಹಿಡಿದು ಬೇರೆ ಊರಿನ ಕಾಲೇಜಿಗೆ ಹೋಗಿ, ಸಾವಿರ ಜನರ ಸಾಲಿನಲ್ಲಿ ನಿಂತು, ಸಂಜೆ ಫಲಿತಾಂಶ ಕಾಯುವುದು ಸಣ್ಣ ಊರಿನ ವಿದ್ಯಾರ್ಥಿಗಳಿಗೆ ಮಾಮೂಲಿ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಅರ್ಹತೆಯ ಒಂದು ಷರತ್ತು. ಹತ್ತನೇ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಶೇ. 60 ಇರಬೇಕು, ಬ್ಯಾಕ್‌ಲಾಗ್ ಇರಬಾರದು ಎಂಬುದನ್ನು ದೊಡ್ಡ ಸಂಖ್ಯೆಯಲ್ಲಿ ನೇಮಿಸಿಕೊಳ್ಳುವ ಕಂಪನಿಗಳು ಬಹುಕಾಲ ಪಾಲಿಸಿಕೊಂಡು ಬಂದಿವೆ. ಕನ್ನಡ ಮಾಧ್ಯಮದಲ್ಲಿ ಓದಿ ಹತ್ತನೇ ತರಗತಿಯಲ್ಲಿ ಶೇ. 85 ತೆಗೆದ ಹುಡುಗಿಯೊಬ್ಬಳು ಪಿಯುಸಿ ವಿಜ್ಞಾನಕ್ಕೆ ಸೇರಿದಳೆನ್ನಿ. ಪಾಠವೆಲ್ಲ ಇದ್ದಕ್ಕಿದ್ದಂತೆ ಇಂಗ್ಲಿಷಿನಲ್ಲಿ. ಒಗ್ಗಿಕೊಳ್ಳುವಷ್ಟರಲ್ಲಿ ಎರಡು ವರ್ಷ ಕಳೆದು ಶೇ. 57ಕ್ಕೆ ನಿಲ್ಲುತ್ತಾಳೆ. ಆಮೇಲೆ ಛಲ ಹಿಡಿದು ಎಂಜಿನಿಯರಿಂಗಿನಲ್ಲಿ ಶೇ. 78 ತೆಗೆದರೂ ಆ ಮೂರು ಅಂಕ ಅವಳನ್ನು ಪರೀಕ್ಷೆಯ ಕೋಣೆಗೂ ಬಿಡುವುದಿಲ್ಲ. ಬುದ್ಧಿ ಕಡಿಮೆಯಾಗಿ ಆ ಮೂರು ಅಂಕ ಹೋದದ್ದಲ್ಲ. ಮಾಧ್ಯಮ ಬದಲಾದ ಏಟು ಅದು. ನೂರಾರು ಅರ್ಜಿಗಳನ್ನು ಜರಡಿ ಹಿಡಿಯಲು ಕಂಪನಿಗೆ ಇದು ಸುಲಭದ ಸಾಧನ, ಅಷ್ಟೆ. ಒಳ್ಳೆಯ ಪ್ಲೇಸ್‌ಮೆಂಟ್ ಆಫೀಸರ್ ಇಂಥಲ್ಲಿ ಕಂಪನಿಯ ಜೊತೆ ಮಾತಾಡುತ್ತಾರೆ, ‘ಇವಳನ್ನು ಒಮ್ಮೆ ಪರೀಕ್ಷೆಗೆ ಕೂರಿಸಿ ನೋಡಿ’ ಎನ್ನುತ್ತಾರೆ. ಕೇಳಿದರೆ ಸಡಿಲಿಸುವ ಕಂಪನಿಗಳಿವೆ. ಕೇಳುವ ಅಧಿಕಾರಿಗಳು ಕಡಿಮೆ.

ಕೇಳದಿರಲು ಕಾರಣವೂ ಉಂಟು. ಕಾಲೇಜುಗಳ ಆಡಳಿತ ಮಂಡಳಿಗೆ ಬೇಕಾದದ್ದು ಒಂದು ಸಂಖ್ಯೆ. ಜೂನ್ ಬಂತೆಂದರೆ ರಸ್ತೆ ಬದಿಯ ಫಲಕಗಳಲ್ಲಿ, ಪತ್ರಿಕೆಗಳ ಮುಖಪುಟದಲ್ಲಿ ನೂರಕ್ಕೆ ನೂರು ಪ್ಲೇಸ್‌ಮೆಂಟ್ ಎಂಬ ಘೋಷಣೆ ರಾರಾಜಿಸುತ್ತದೆ. ಆ ಸಂಖ್ಯೆ ಹೇಗೆ ಹುಟ್ಟುತ್ತದೆ ನೋಡಿ. ಅಂತಿಮ ವರ್ಷದಲ್ಲಿ 600 ಮಂದಿ ಇದ್ದಾರೆಂದು ಇಟ್ಟುಕೊಳ್ಳೋಣ. ಅಂಕದ ಷರತ್ತು ದಾಟಿದವರು 350. ಅವರಲ್ಲಿ ಉನ್ನತ ಶಿಕ್ಷಣಕ್ಕೆ ಹೋಗುತ್ತೇವೆ, ಪ್ಲೇಸ್‌ಮೆಂಟ್ ಬೇಡ ಎಂದು ಬರೆದುಕೊಟ್ಟವರು 50. ಉಳಿದ 300ರಲ್ಲಿ 200 ಮಂದಿಗೆ ಕೆಲಸ ಸಿಕ್ಕಿ, ಅವರಲ್ಲಿ ಕೆಲವರಿಗೆ ಎರಡೆರಡು ಕಂಪನಿಗಳ ಆಫರ್ ಬಂದು, ಒಟ್ಟು ಆಫರ್ ಪತ್ರಗಳು 300 ಆದರೆ ಫಲಕದ ಮೇಲೆ ನೂರಕ್ಕೆ ನೂರು! ನಿಜದಲ್ಲಿ ಮೂವರಲ್ಲಿ ಒಬ್ಬರಿಗೆ ಕೆಲಸವಾಗಿದೆ. ಜೊತೆಗೆ ಅತಿ ಹೆಚ್ಚು ಪ್ಯಾಕೇಜು ಎಂದು ಒಬ್ಬ ವಿದ್ಯಾರ್ಥಿಯ ಚಿತ್ರ ದೊಡ್ಡದಾಗಿ ಬರುತ್ತದೆ. ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುವ ಆರಂಭಿಕ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿ ವರ್ಷಗಟ್ಟಲೆ ಅಲುಗಾಡದೆ ನಿಂತಿದೆ ಎಂಬುದು ಆ ಫಲಕದಲ್ಲಿ ಇರುವುದಿಲ್ಲ.

ಇದಕ್ಕೆ ಮದ್ದು ಇದೆ, ಪೋಷಕರು ಬಳಸುತ್ತಿಲ್ಲ. ರಾಷ್ಟ್ರೀಯ ರ‍್ಯಾಂಕಿಂಗ್ ಪದ್ಧತಿಯಾದ ಎನ್‌ಐಆರ್‌ಎಫ್‌ನ ಮೊದಲ ಪಟ್ಟಿ 2016ರಲ್ಲಿ ಬಂತು. ಅದಕ್ಕೆ ಸೇರುವ ಸಂಸ್ಥೆಗಳು ಎಷ್ಟು ಮಂದಿ ಪದವಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸವಾಯಿತು, ಎಷ್ಟು ಮಂದಿ ಮುಂದೆ ಓದಲು ಹೋದರು ಎಂದು ಲೆಕ್ಕ ಕೊಡಬೇಕು. ಸಂಬಳದಲ್ಲಿ ಅವು ಕೊಡಬೇಕಾದದ್ದು ಸರಾಸರಿಯನ್ನೂ ಅಲ್ಲ, ಗರಿಷ್ಠವನ್ನೂ ಅಲ್ಲ. ಎಲ್ಲರ ಸಂಬಳವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ನಿಲ್ಲುವ ಮೊತ್ತವನ್ನು. ಆ ದಾಖಲೆಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ನ್ಯಾಕ್ ಮೌಲ್ಯಮಾಪನದ ಐದನೇ ಮಾನದಂಡದಲ್ಲೂ ವಿದ್ಯಾರ್ಥಿಗಳ ಉದ್ಯೋಗ ಮತ್ತು ಮುಂದಿನ ಓದಿನ ವಿವರ ಕೇಳುತ್ತಾರೆ. ಸೀಟು ಹಿಡಿಯುವ ಮುನ್ನ ಫಲಕವನ್ನೂ ಈ ದಾಖಲೆಯನ್ನೂ ಅಕ್ಕಪಕ್ಕ ಇಟ್ಟು ನೋಡುವ ಪೋಷಕರಿಗೆ ಲಕ್ಷಾಂತರ ರೂಪಾಯಿ ಉಳಿದೀತು.

ಎಂಜಿನಿಯರಿಂಗಿನ ಕತೆ ಇಷ್ಟಾದರೆ, ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮಕ್ಕಳ ಪಾಡು ಬೇರೆಯದೇ. ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ತಾಲ್ಲೂಕು ಕೇಂದ್ರಗಳಲ್ಲಿ, ಹೋಬಳಿ ಊರುಗಳಲ್ಲಿ ಇರುವ ಈ ಕಾಲೇಜುಗಳಲ್ಲಿ ಓದುವವರು ಬಹುಪಾಲು ರೈತರ, ಕೂಲಿಕಾರರ, ಸಣ್ಣ ವ್ಯಾಪಾರಿಗಳ ಮಕ್ಕಳು. ಹೆಣ್ಣುಮಕ್ಕಳ ಸಂಖ್ಯೆ ದೊಡ್ಡದು. ಪರಿಚಯಸ್ಥರೇ ಇಲ್ಲದವರು ಎಂದು ಮೊದಲು ಹೇಳಿದೆನಲ್ಲ, ಅವರು ಇವರೇ. ಇಲ್ಲಿನ ಪ್ಲೇಸ್‌ಮೆಂಟ್ ಸೆಲ್ ಎಂದರೆ ಸಾಮಾನ್ಯವಾಗಿ ಒಬ್ಬ ಪ್ರಾಧ್ಯಾಪಕರ ಹೆಗಲಿಗೆ ಹೆಚ್ಚುವರಿಯಾಗಿ ಬಿದ್ದ ಜವಾಬ್ದಾರಿ. ಅವರಿಗೆ ಪಾಠವಿದೆ, ಪರೀಕ್ಷಾ ಕೆಲಸವಿದೆ, ನ್ಯಾಕ್ ಕಡತವಿದೆ, ಚುನಾವಣೆ ಬಂದರೆ ಅದರ ಕರ್ತವ್ಯವೂ ಇದೆ. ಕಂಪನಿಗಳಿಗೆ ಫೋನು ಮಾಡಲು ಪ್ರತ್ಯೇಕ ಹೊತ್ತೂ ಇಲ್ಲ, ಓಡಾಡಲು ಹಣವೂ ಇಲ್ಲ. ಇಂಥ ಸ್ಥಿತಿಯಲ್ಲೂ ತಮ್ಮ ಮೊಬೈಲಿನಿಂದಲೇ ಹತ್ತಾರು ಮಕ್ಕಳಿಗೆ ಕೆಲಸದ ದಾರಿ ತೋರಿದ ಅಧ್ಯಾಪಕರು ಊರೂರಿನಲ್ಲಿದ್ದಾರೆ. ಆದರೆ ಅವರು ವರ್ಗವಾದ ದಿನ ಅವರ ಮೊಬೈಲಿನ ಜೊತೆ ಆ ಸಂಪರ್ಕಗಳೂ ಹೊರಟುಹೋಗುತ್ತವೆ. ಕಾಲೇಜಿನ ಕಡತದಲ್ಲಿ ಏನೂ ಉಳಿಯುವುದಿಲ್ಲ.

ಇಂಥ ಪದವಿಗಳ ವಿದ್ಯಾರ್ಥಿಗಳಿಗೆ ಏನು ಕೆಲಸವಿದೆ ಎಂದು ಕೈಚೆಲ್ಲುವುದು ತಪ್ಪು. ಬಿ.ಎಸ್ಸಿ. ರಸಾಯನಶಾಸ್ತ್ರ ಓದಿದವರಿಗೆ ಪೀಣ್ಯ, ಜಿಗಣಿಗಳ ಔಷಧ ಕಂಪನಿಗಳಲ್ಲಿ, ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದ ಕೆಲಸಗಳಿವೆ. ಬಿಸಿಎ, ಬಿ.ಎಸ್ಸಿ. ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಂಡು, ಜೊತೆಜೊತೆಗೆ ಎಂ.ಟೆಕ್. ಓದಿಸುವ ಯೋಜನೆಯನ್ನು ವಿಪ್ರೊ ನಡೆಸಿಕೊಂಡು ಬಂದಿದೆ. ಟಿಸಿಎಸ್ ನಡೆಸುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಗೆ ಕಂಪನಿ ಕಾಲೇಜಿಗೆ ಬರಬೇಕೆಂದಿಲ್ಲ, ವಿದ್ಯಾರ್ಥಿಯೇ ಹೆಸರು ನೋಂದಾಯಿಸಿ ಬರೆಯಬಹುದು. ಯಾದಗಿರಿ, ಕಲಬುರಗಿಯಂಥ ಜಿಲ್ಲೆಗಳ ಶಾಲೆಗಳ ಜೊತೆ ಕೆಲಸ ಮಾಡುವ ಅಜೀಂ ಪ್ರೇಮ್‌ಜಿ ಫೌಂಡೇಷನ್ ಸ್ನಾತಕೋತ್ತರ ಪದವೀಧರರನ್ನು, ಕನ್ನಡ ಚೆನ್ನಾಗಿ ಬಲ್ಲವರನ್ನು ಹುಡುಕುತ್ತದೆ. ಸಹಕಾರ ಸಂಘಗಳು, ಕಿರುಸಾಲ ಸಂಸ್ಥೆಗಳು, ವಿಮೆ, ಆಸ್ಪತ್ರೆಗಳ ಆಡಳಿತ ವಿಭಾಗ, ಕನ್ನಡದಲ್ಲಿ ಗ್ರಾಹಕರ ಕರೆ ಸ್ವೀಕರಿಸುವ ಕೇಂದ್ರಗಳು ಇವೆಲ್ಲಕ್ಕೂ ಜನ ಬೇಕು. ಇವುಗಳಲ್ಲಿ ಒಂದೂ ಫಲಕದ ಮೇಲೆ ಮೆರೆಯುವ ಕೆಲಸವಲ್ಲ. ಮನೆಯ ಮೊದಲ ಸಂಬಳ ಬರುವುದು ಮಾತ್ರ ಇಂಥ ಕಡೆಯಿಂದಲೇ.

ಅಪ್ರೆಂಟಿಸ್‌ಶಿಪ್ ಎಂಬ ಬಾಗಿಲಂತೂ ತೆರೆದೇ ಇದೆ, ಒಳಗೆ ಹೋಗುವವರು ಕಡಿಮೆ. 1961ರ ಕಾಯ್ದೆ ಮೊದಲು ಐಟಿಐ ಮಾದರಿಯ ಕಸುಬುಗಳಿಗೆ ಸೀಮಿತವಾಗಿತ್ತು, 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರಿಗೂ ವಿಸ್ತರಿಸಿತು, ಈಚಿನ ವರ್ಷಗಳಲ್ಲಿ ಸಾಮಾನ್ಯ ಪದವೀಧರರನ್ನೂ ಒಳಗೊಂಡಿದೆ. 2019ರ ನಿಯಮದಂತೆ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ನಿಗದಿಯಾಗಿತ್ತು. ಓದಿನ ನಡುವೆಯೇ ಅಪ್ರೆಂಟಿಸ್‌ಶಿಪ್ ಸೇರಿಸಿದ ಬಿ.ಕಾಂ.ನಂಥ ಪದವಿಗಳನ್ನು ರಾಜ್ಯದ ಕೆಲವು ಸರ್ಕಾರಿ ಕಾಲೇಜುಗಳಲ್ಲಿ ಈಗ ಶುರುಮಾಡಿದ್ದಾರೆ. ನನ್ನ ದೃಷ್ಟಿಯಲ್ಲಿ ಈಚಿನ ವರ್ಷಗಳ ಒಳ್ಳೆಯ ಹೆಜ್ಜೆ ಇದು. ಕಾರ್ಖಾನೆಯೋ ಕಚೇರಿಯೋ ಒಂದು ವರ್ಷ ಒಳಗಿದ್ದು ನೋಡಿದ ವಿದ್ಯಾರ್ಥಿಗೆ ಅಲ್ಲಿಯವರೇ ಪರಿಚಯಸ್ಥರಾಗುತ್ತಾರೆ.

ಇನ್ನೊಂದು ದೊಡ್ಡ ಸಂಗತಿಯನ್ನು ಪ್ಲೇಸ್‌ಮೆಂಟ್ ಸೆಲ್‌ಗಳು ನೋಡಿಯೂ ನೋಡದಂತಿವೆ. ಪದವಿ ಕಾಲೇಜುಗಳ ಮಕ್ಕಳಲ್ಲಿ ಬಹಳ ಮಂದಿಯ ಮನಸ್ಸು ಸರ್ಕಾರಿ ಕೆಲಸದ ಮೇಲಿದೆ. ಧಾರವಾಡದ ಸಪ್ತಾಪುರಕ್ಕೆ, ಬೆಂಗಳೂರಿನ ವಿಜಯನಗರಕ್ಕೆ ಹೋಗಿ ನೋಡಿದರೆ ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಶಿಕ್ಷಕರ ನೇಮಕಾತಿಗೆಂದು ಪಿ.ಜಿ. ಕೋಣೆಗಳಲ್ಲಿ, ರೀಡಿಂಗ್ ರೂಮುಗಳಲ್ಲಿ ವರ್ಷಗಳನ್ನು ಕಳೆಯುತ್ತಿರುವ ತರುಣ ತರುಣಿಯರು ಕಾಣುತ್ತಾರೆ. 2021ರ ಅಕ್ಟೋಬರಿನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದಿಂದಾಗಿ ಮರುವರ್ಷ ರದ್ದಾದಾಗ ಪ್ರಾಮಾಣಿಕವಾಗಿ ಓದಿ ಬರೆದವರ ಶ್ರಮವೂ ನೀರುಪಾಲಾಯಿತು. ಸರ್ಕಾರಿ ಪರೀಕ್ಷೆ ಬರೆಯಬೇಡಿ ಎಂದು ಯಾರೂ ಹೇಳಬಾರದು. ಆದರೆ ಯಾವ ಹುದ್ದೆಗೆ ಎಷ್ಟು ಜಾಗ, ಎಷ್ಟು ಅರ್ಜಿ, ವಯೋಮಿತಿ ಎಷ್ಟು, ಸಿಗದಿದ್ದರೆ ಇಪ್ಪತ್ತೆಂಟನೇ ವಯಸ್ಸಿನಲ್ಲಿ ಮುಂದೇನು ಎಂದು ಪದವಿಯ ಎರಡನೇ ವರ್ಷದಲ್ಲೇ ಕೂರಿಸಿಕೊಂಡು ಹೇಳುವವರು ಬೇಕು. ಕಾಲೇಜು ಹೇಳದಿದ್ದರೆ ಆ ಮಾತನ್ನು ಕೋಚಿಂಗ್ ಸೆಂಟರಿನವರು ಹೇಳುತ್ತಾರೆ. ಅವರು ಹೇಳುವುದು ಒಂದೇ ಮಾತು: ಸೇರಿಕೊಳ್ಳಿ.

ಸರ್ಕಾರಗಳು ಸುಮ್ಮನೆ ಕೂತಿಲ್ಲ. ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್ 2015ರ ಜುಲೈನಲ್ಲಿ ಆರಂಭವಾಗಿ, ಹಳೆಯ ವಿನಿಮಯ ಕೇಂದ್ರಗಳ ನೋಂದಣಿಯನ್ನು ಅಂತರ್ಜಾಲಕ್ಕೆ ತಂದಿತು. ರಾಜ್ಯ ಕೌಶಲ್ಯಾಭಿವೃದ್ಧಿ ಇಲಾಖೆಗೆ ಸ್ಕಿಲ್ ಕನೆಕ್ಟ್ ಪೋರ್ಟಲ್ ಇದೆ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಯುವ ಸಮೃದ್ಧಿ ಸಮ್ಮೇಳನ ಎಂಬ ಹೆಸರಿನಲ್ಲಿ ಬೃಹತ್ ಉದ್ಯೋಗ ಮೇಳ ನಡೆಯಿತು. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ ಕೊಡುವ ಯುವನಿಧಿಯ ಮೊದಲ ಕಂತು ಅದೇ ವರ್ಷದ ಜನವರಿಯಲ್ಲಿ ಶಿವಮೊಗ್ಗದಲ್ಲಿ ಬಿಡುಗಡೆಯಾಗಿತ್ತು. ತಮಿಳುನಾಡು 2022ರ ಮಾರ್ಚ್‌ನಲ್ಲಿ ತಂದ ನಾನ್ ಮುದಲ್ವನ್ ಯೋಜನೆ ಕೌಶಲ ತರಬೇತಿಯನ್ನು ಕಾಲೇಜಿನ ಒಳಕ್ಕೇ ತಂದಿತು. ಮೇಳಗಳಿಂದ ಪ್ರಯೋಜನವಿಲ್ಲ ಎನ್ನಲಾರೆ. ಆದರೆ ಮೇಳ ಎರಡು ದಿನದ್ದು, ವಿದ್ಯಾರ್ಥಿ ಕಾಲೇಜಿನಲ್ಲಿರುವುದು ಮೂರು ವರ್ಷ. ಆ ಮೂರು ವರ್ಷ ಕೈಯಲ್ಲಿರುವುದು ಕಾಲೇಜಿಗೆ ಮಾತ್ರ.

ಓದಲು ಅಮೆರಿಕಕ್ಕೆ ಹೋದ ನಮ್ಮ ಮಕ್ಕಳು ಮೊದಲ ಸೆಮಿಸ್ಟರಿನಲ್ಲೇ ಎದುರಿಸುವ ಅಚ್ಚರಿ ಒಂದಿದೆ. ಅಲ್ಲಿನ ಕೆರಿಯರ್ ಸೆಂಟರ್ ಯಾರಿಗೂ ಕೆಲಸ ಕೊಡಿಸುವುದಿಲ್ಲ. ರೆಸ್ಯೂಮೆ ತಿದ್ದಿಕೊಡುತ್ತದೆ, ಅಣಕು ಸಂದರ್ಶನ ಮಾಡುತ್ತದೆ, ಹಳೆಯ ವಿದ್ಯಾರ್ಥಿಗಳ ಸಂಪರ್ಕ ಒದಗಿಸುತ್ತದೆ, ಕೆರಿಯರ್ ಫೇರ್ ನಡೆಸುತ್ತದೆ. ಅರ್ಜಿ ಹಾಕಿ ಬೆನ್ನುಹತ್ತುವುದು ವಿದ್ಯಾರ್ಥಿಯ ಪಾಡು. ಕಂಪನಿ ಬಾಗಿಲಿಗೆ ಬರುತ್ತದೆಂದು ಬೆಂಗಳೂರಿನ ರೂಢಿಯಲ್ಲಿ ಕಾದು ಕೂತವರಿಗೆ ಕಾಲ ಮೀರುತ್ತದೆ. ಏಕೆಂದರೆ ಪದವಿಯ ನಂತರ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡಲು ಬಿಡುವ ಒಪಿಟಿ ಎಂಬ ಅನುಮತಿಯಡಿ ಸಿಗುವುದು 12 ತಿಂಗಳು, ವಿಜ್ಞಾನ ತಂತ್ರಜ್ಞಾನ ಓದಿದವರಿಗೆ ಇನ್ನೂ 24 ತಿಂಗಳು. ಮೊದಲ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಅಲ್ಲಿನ ಕಾಲೇಜುಗಳಲ್ಲಿ ಈಗ ವ್ಯಾಪಕವಾಗಿರುವ ಹ್ಯಾಂಡ್‌ಶೇಕ್ ಎಂಬ ಪೋರ್ಟಲ್ ಹುಟ್ಟಿದ್ದು 2014ರಲ್ಲಿ, ಮಿಷಿಗನ್ ರಾಜ್ಯದ ಉತ್ತರ ತುದಿಯ ಒಂದು ತಾಂತ್ರಿಕ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಂದ. ದೊಡ್ಡ ನಗರಗಳಿಂದ ದೂರದಲ್ಲಿರುವ ತಮ್ಮ ಕ್ಯಾಂಪಸ್ಸಿಗೆ ಒಳ್ಳೊಳ್ಳೆಯ ಕಂಪನಿಗಳು ಬರುತ್ತಿಲ್ಲ ಎಂಬ ಕೊರಗಿನಿಂದಲೇ ಅವರು ಅದನ್ನು ಕಟ್ಟಿದರು. ಬೀದರಿನವರ, ಚಾಮರಾಜನಗರದವರ ಕೊರಗೂ ಅದೇ ಅಲ್ಲವೇ?

ಇನ್ನು ವಿದ್ಯಾರ್ಥಿಗಳಿಗೆ ನೇರವಾಗಿ ನಾಲ್ಕು ಮಾತು. ಪ್ಲೇಸ್‌ಮೆಂಟ್ ಆಫೀಸಿಗೆ ಕೊನೆಯ ಸೆಮಿಸ್ಟರಿನಲ್ಲಿ ಹೋಗುವುದು ತಡ. ಎರಡನೇ ವರ್ಷದಲ್ಲೇ ಹೋಗಿ. ‘ಸರ್, ಏನಾದರೂ ಕೆಲಸ ಇದೆಯಾ’ ಎಂದರೆ ‘ಬಂದರೆ ಹೇಳುತ್ತೇನೆ’ ಎಂಬ ಉತ್ತರ ಸಿಗುತ್ತದೆ. ಬದಲಿಗೆ, ಕಳೆದ ಮೂರು ವರ್ಷ ಯಾವ್ಯಾವ ಕಂಪನಿ ಬಂದವು, ಯಾವ ಹುದ್ದೆಗೆ, ಪರೀಕ್ಷೆ ಹೇಗಿತ್ತು, ನಮ್ಮ ವಿಭಾಗದಿಂದ ಯಾರು ಆಯ್ಕೆಯಾದರು ಎಂದು ಕೇಳಿ. ಆಯ್ಕೆಯಾದ ಹಿರಿಯರ ಸಂಪರ್ಕ ಕೇಳಿ ಪಡೆದು, ಅವರಿಗೆ ಮರ್ಯಾದೆಯಿಂದ ಒಂದು ಸಂದೇಶ ಕಳಿಸಿ: ‘ಅಣ್ಣ, ನಾನು ನಿಮ್ಮದೇ ಕಾಲೇಜು, ನಿಮ್ಮ ಇಂಟರ್‌ವ್ಯೂನಲ್ಲಿ ಏನೇನು ಕೇಳಿದರು, ಹೇಳುತ್ತೀರಾ?’ ಇಂಥ ಸಂದೇಶಕ್ಕೆ ಬಹುತೇಕರು ಉತ್ತರಿಸುತ್ತಾರೆ. ಕೆಲಸ ಕೊಡಿಸಿ ಎಂದರೆ ಹಿಂಜರಿಯುವವರೂ ಅನುಭವ ಹೇಳಿ ಎಂದರೆ ಮನಬಿಚ್ಚಿ ಮಾತಾಡುತ್ತಾರೆ. ಸಾಧ್ಯವಾದರೆ ಪ್ಲೇಸ್‌ಮೆಂಟ್ ಸೆಲ್‌ನ ವಿದ್ಯಾರ್ಥಿ ಸಂಯೋಜಕರಾಗಿ ಸೇರಿಕೊಳ್ಳಿ. ಕಂಪನಿಯವರ ಜೊತೆ ಇಮೇಲ್, ಫೋನು ಮಾತುಕತೆ ನಡೆಸಿದ ಅನುಭವ ಯಾವ ಕೋರ್ಸಿನಲ್ಲೂ ಸಿಗುವುದಿಲ್ಲ.

ಆಫರ್ ಪತ್ರ ಕೈಗೆ ಬಂದಾಗ ಸಂಭ್ರಮದ ನಡುವೆಯೂ ಪೂರ್ತಿ ಓದಿ. ಸಿಟಿಸಿ ಎಂದು ಬರೆದ ಮೊತ್ತದಲ್ಲಿ ಭವಿಷ್ಯನಿಧಿಗೆ ಕಂಪನಿ ಕಟ್ಟುವ ಪಾಲು, ಗ್ರ್ಯಾಚುಟಿ, ವಿಮೆ, ಕೆಲವೊಮ್ಮೆ ಖಚಿತವಿಲ್ಲದ ಬೋನಸ್ ಕೂಡ ಸೇರಿರುತ್ತದೆ. ತಿಂಗಳಿಗೆ ಕೈಗೆ ಬರುವುದು ಎಷ್ಟೆಂದು ಕೇಳಿ. ಸೇರುವ ದಿನಾಂಕ ಇದೆಯೇ ನೋಡಿ. ಪತ್ರ ಕೊಟ್ಟು ತಿಂಗಳುಗಟ್ಟಲೆ ಕಾಯಿಸಿದ ಉದಾಹರಣೆಗಳು ಈಚಿನ ವರ್ಷಗಳಲ್ಲಿ ಬೇಕಾದಷ್ಟಿವೆ. ಬಾಂಡ್ ಇದ್ದರೆ ಎಷ್ಟು ವರ್ಷ, ಎಷ್ಟು ಹಣ ಎಂಬುದನ್ನು ತಿಳಿದೇ ಸಹಿ ಹಾಕಿ. ಕೋರ್ಟಿನಲ್ಲಿ ನಿಲ್ಲುವುದಿಲ್ಲ ಬಿಡು ಎಂದು ಗೆಳೆಯರು ಹೇಳುವುದನ್ನು ನಂಬಬೇಡಿ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಮೂಲ ಅಂಕಪಟ್ಟಿಗಳನ್ನು ಒತ್ತೆ ಇಡಬೇಡಿ. ತರಬೇತಿ ಶುಲ್ಕ, ಭದ್ರತಾ ಠೇವಣಿ ಎಂದು ಮುಂಗಡ ಹಣ ಕೇಳುವವರು ಕೆಲಸ ಕೊಡುವವರಲ್ಲ. ಅಂಥವರ ಬಗ್ಗೆ ಪ್ಲೇಸ್‌ಮೆಂಟ್ ಆಫೀಸಿಗೂ ಪೊಲೀಸರಿಗೂ ತಿಳಿಸಿ.

ವಿಶ್ವವಿದ್ಯಾನಿಲಯಗಳು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಪ್ಲೇಸ್‌ಮೆಂಟ್ ಜವಾಬ್ದಾರಿಗೆ ಪೂರ್ಣಾವಧಿ ಹುದ್ದೆ ಬೇಕು. ಪ್ರತಿ ಕಾಲೇಜಿಗೂ ಸಾಧ್ಯವಿಲ್ಲದಿದ್ದರೆ ತಾಲ್ಲೂಕಿಗೆ ಒಬ್ಬರಂತೆ ಹಲವು ಕಾಲೇಜುಗಳಿಗೆ ಸೇರಿ ನೇಮಿಸಬಹುದು. ಸಂಪರ್ಕಗಳ ದಾಖಲೆ ವ್ಯಕ್ತಿಯ ಮೊಬೈಲಿನಿಂದ ಸಂಸ್ಥೆಯ ಕಡತಕ್ಕೆ ಬರಬೇಕು. ಪದವಿ ಮುಗಿಸಿ ಮೂರು ವರ್ಷದ ತನಕ ಹಳೆಯ ವಿದ್ಯಾರ್ಥಿಗಳಿಗೂ ಬಾಗಿಲು ತೆರೆದಿರಬೇಕು, ಏಕೆಂದರೆ ಬಿ.ಎ. ಓದಿದವರಿಗೆ ಕೆಲಸದ ಅಗತ್ಯ ಬೀಳುವುದು ಎಷ್ಟೋ ಸಲ ಆಮೇಲೆ. ಪೂಲ್ ಕ್ಯಾಂಪಸ್ಸಿಗೆ ಹೋಗುವ ಹೆಣ್ಣುಮಕ್ಕಳಿಗೆ ಬಸ್ಸಿನ ವ್ಯವಸ್ಥೆಯನ್ನೂ, ತಡವಾದರೆ ಉಳಿಯಲು ಸುರಕ್ಷಿತ ಜಾಗವನ್ನೂ ಕಾಲೇಜೇ ಮಾಡಬೇಕು. ಈ ಒಂದು ಕಾರಣಕ್ಕೆ ಮನೆಯವರು ಕಳಿಸದೆ ತಪ್ಪಿಹೋದ ಅವಕಾಶಗಳು ಬಹಳ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಪದವಿ ಓದುತ್ತಿರುವವರಿದ್ದರೆ, ಈ ಸೆಮಿಸ್ಟರ್ ಮುಗಿಯುವ ಮುನ್ನ ಅವರ ಕಾಲೇಜಿನಲ್ಲಿ ಮೂರು ಲೆಕ್ಕ ಕೇಳಿ ತರಲು ಹೇಳಿ: ಕಳೆದ ವರ್ಷ ಅಂತಿಮ ವರ್ಷದಲ್ಲಿ ಇದ್ದವರು ಎಷ್ಟು, ಕೆಲಸಕ್ಕೆ ಸೇರಿದವರು ಎಷ್ಟು, ಅವರ ನಡುಮಟ್ಟದ ಸಂಬಳ ಎಷ್ಟು. ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಪ್ರಾಂಶುಪಾಲರಿಗೆ ಬರೆದು ಕೊಡಲಿ. ಸರ್ಕಾರಿ ಕಾಲೇಜು, ಸರ್ಕಾರಿ ವಿಶ್ವವಿದ್ಯಾನಿಲಯವಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಲೇಬೇಕು.